ಕರಡಿರಾಯರ ಎರಡನೆಯ ದೊನ್ನೆ

ಜೇನಿನ ಪಾನಕವನ್ನು ಇನ್ನು ಗಡಿಗೆಯಲ್ಲಿ ಕೊಡಕೂಡದು, ದೊನ್ನೆಯಲ್ಲಷ್ಟೇ ಕೊಡಬೇಕು, ಇನ್ನೂ ಬೇಕಾದವರು ಮತ್ತೆ ಕೇಳಿ ಪಡೆಯಲಿ ಎಂದು ಕಾಡನ್ನಾಳುವ ಆನೆಯಮ್ಮ ಅಪ್ಪಣೆ ಹೊರಡಿಸಿದಳು. ಹಲ್ಲು ಹುಳುಕಾದರೂ ದಿನಕ್ಕೊಂದು ಗಡಿಗೆ ಬರಿದು ಮಾಡುತ್ತಿದ್ದ ಕರಡಿರಾಯರಿಗೆ ಇದು ತಮ್ಮ ಮರ್ಯಾದೆಗೇ ಕೈ ಹಾಕಿದಂತಾಯಿತು. ಪಾನಕ ಮಾರುವ ಕೋತಿಯಕ್ಕನ ಅಂಗಡಿಗೆ ಎದೆಯುಬ್ಬಿಸಿಕೊಂಡು ಬಂದರು.

"ನನ್ನ ಹೊಟ್ಟೆ ಅಳೆಯೋಕೆ ಅವಳ್ಯಾರು? ಗಡಿಗೆ ತಾ."

"ಗಡಿಗೆ ಎತ್ತಿಟ್ಟಾಯ್ತು ರಾಯರೇ. ದೊನ್ನೆ ಎಷ್ಟಾದರೂ ಕೇಳಿ, ಬೇಡ ಅನ್ನೋರಿಲ್ಲ."

ಮೊದಲ ದೊನ್ನೆ ಒಂದೇ ಗುಟುಕಿಗೆ ಮುಗಿಯಿತು. ಹಿಂದೆ ನಿಂತಿದ್ದ ಅಳಿಲು, "ಇನ್ನೊಂದು ಹಾಕಕ್ಕ, ರಾಯರು ಬಾಯಿಬಿಟ್ಟು ಕೇಳೋಕೆ ನಾಚ್ಕೋತಿದಾರೆ," ಎಂದಿತು. ಸಾಲಿನವರೆಲ್ಲ ಕಿಸಕ್ಕೆಂದರು.

ರಾಯರ ನಾಲಿಗೆಗೆ ಇನ್ನೂ ಬೇಕಿತ್ತು. ಆದರೆ ಗಡಿಗೆ ಎತ್ತಿ ಕುಡಿದು ಅಭ್ಯಾಸವಾದ ಕೈ, ಇನ್ನಷ್ಟು ಹಾಕಿ ಎಂದು ದೊನ್ನೆ ಚಾಚಲು ಒಪ್ಪಲಿಲ್ಲ. ಮೂತಿ ಒರೆಸಿಕೊಂಡು ಗಟ್ಟಿಯಾಗಿ ಹೇಳಿದರು:

"ಕೇಳಿಸಿಕೊಳ್ಳಿ. ಅಪ್ಪಣೆಗೆಲ್ಲ ನಾನು ಸೊಪ್ಪು ಹಾಕೋನಲ್ಲ. ನನಗೆ ಇಷ್ಟೇ ಸಾಕು ಅಂತ ನಾನೇ ತೀರ್ಮಾನ ಮಾಡಿದೀನಿ."

ತಲೆಯೆತ್ತಿಕೊಂಡೇ ಹೊರಟರು. ಮರುದಿನವೂ, ಅದರ ಮರುದಿನವೂ ಬಂದು, ಒಂದೇ ದೊನ್ನೆ ಕುಡಿದು, ಹಾಗೆಯೇ ಸಾರಿ ಹೋದರು.

ಸುದ್ದಿ ಮುಟ್ಟಿದಾಗ ಆನೆಯಮ್ಮ, "ಹೌದು, ಅದು ರಾಯರದೇ ತೀರ್ಮಾನ," ಎಂದು ಒಪ್ಪಿಕೊಂಡಳು.