ಕೆಂಪಮ್ಮನ ವ್ಯಾನಿನ ಪೂಜೆ

ಇಡ್ಲಿ ಮಾರುವ ಕೆಂಪಮ್ಮ ಸಂತೆ ಸುತ್ತೋದಕ್ಕೆ ಅಂತ ಹಳೇ ವ್ಯಾನು ಕೊಂಡಳು. ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಎಫ್‌ಸಿ ಮಾಡಿಸಲು ಆರ್‌ಟಿಒ ಆಫೀಸಿಗೆ ಹೋದರೆ ಬ್ರೇಕು ಹಿಡಿಯಲ್ಲ, ಟೈರು ಬೋಳು ಅಂತ ಇನ್‌ಸ್ಪೆಕ್ಟರು ಫೇಲು ಮಾಡಿಬಿಟ್ಟರು.

ವ್ಯಾನು ಮಾರಿದ ಬಸಲಿಂಗಪ್ಪನನ್ನು ಹೋಗಿ ಕೇಳಿದರೆ, ಅವನು ಅಂಗಡಿಯಲ್ಲಿ ಕೂತೇ ಮೀಸೆ ತಿರುವಿದ. "ಇನ್‌ಸ್ಪೆಕ್ಟರಿಗೇನು ಗೊತ್ತು? ಬ್ರೇಕು ಒತ್ತಿದ್ರೆ ಉಡದ ಪಟ್ಟು! ವಾಪಸ್ಸು ಗೀಪಸ್ಸು ಇಲ್ಲ."

"ಆಯ್ತಣ್ಣ. ಪೂಜೆ ಮಾಡಿದೀನಿ. ನಿಮ್ಮ ಕೈಗುಣ ಒಳ್ಳೇದು, ಮೊದಲು ನೀವೇ ಓಡಿಸ್ಬೇಕು," ಅಂದಳು ಕೆಂಪಮ್ಮ.

ಬಸಲಿಂಗಪ್ಪ ಉಬ್ಬಿಕೊಂಡು ಹೊರಗೆ ಬಂದ. ಇಳಿಜಾರಿನ ಮೇಲೆ ವ್ಯಾನು ನಿಂತಿತ್ತು. ಚಕ್ರಕ್ಕೆ ಕಲ್ಲು, ಪಕ್ಕದಲ್ಲಿ ನಿಂಬೆಹಣ್ಣು. ನೇರ ಕೆಳಗೆ, ಅಂಗಡಿ ಮುಂದೆ, ಅವನದೇ ಹೊಸ ಕಾರು.

"ಹತ್ತಿ ಅಣ್ಣ, ಕಲ್ಲು ತೆಗೀತೀನಿ."

"ಏ, ಮುಟ್ಟಬೇಡಮ್ಮಾ! ಬ್ರೇಕು, ಟೈರು ಎಲ್ಲಾ ನಾನೇ ಹಾಕಿಸಿಕೊಡ್ತೀನಿ!"

ಕೆಂಪಮ್ಮ ನಿಂಬೆಹಣ್ಣು ಎತ್ತಿಕೊಂಡಳು. "ಕೂತ್ಕೊಳ್ಳಿ, ಪಾನಕ ಮಾಡ್ಕೊಡ್ತೀನಿ. ತುಂಬಾ ಬೆವರ್ತಿದೀರಿ."