ಹಕ್ಕಿದ್ವೀಪದ ಕಾರ್ಯಕ್ರಮ ಪಟ್ಟಿ

ನಡುಗಡಲಿನ ಹಕ್ಕಿದ್ವೀಪ ನೋಡಲು ದೊಡ್ಡ ಹಡಗಿನಲ್ಲಿ ನೂರು ಮಂದಿ ಬರುವವರಿದ್ದರು. ಪ್ರವಾಸ ಕಚೇರಿಯ ಸಾಹೇಬರು ಗುಮಾಸ್ತನನ್ನು ಕರೆದರು.

"ಕಾರ್ಯಕ್ರಮ ಪಟ್ಟಿ ಬರಿ. ಹಡಗು ಸೈರನ್ ಹಾಕಬೇಕು, ಹಕ್ಕಿಗಳೆಲ್ಲ ಒಟ್ಟಿಗೇ ಮೇಲೇಳಬೇಕು. ಫೋಟೋ ಚೆನ್ನಾಗಿ ಬರುತ್ತೆ. ಒಂದು ನಿಮಿಷವೂ ಖಾಲಿ ಬಿಡಬೇಡ."

"ಈಗ ಮರಿ ಮಾಡೋ ಕಾಲ ಸಾರ್."

"ಹೇಳಿದ್ದು ಬರಿಯಯ್ಯಾ!"

ಗುಮಾಸ್ತ ಬರೆದ. ಮೊದಲೇ ಓದಿ ನೋಡುವ ಅಭ್ಯಾಸ ಸಾಹೇಬರಿಗಿರಲಿಲ್ಲ. ಮರುದಿನ ಹಡಗಿನವರ ಸಭೆಯಲ್ಲಿ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಓದತೊಡಗಿದರು.

"ಏಳು ಗಂಟೆಗೆ ಸ್ವಾಗತ, ಎಳನೀರು. ಏಳು ಹತ್ತಕ್ಕೆ ಸೈರನ್. ಏಳು ಹನ್ನೊಂದಕ್ಕೆ ತಾಯಿಹಕ್ಕಿಗಳು ಗೂಡು ಬಿಟ್ಟು ಮೇಲೇಳುವುದು. ಏಳು ಹದಿಮೂರಕ್ಕೆ ಗೂಡುಗಳ ಮೇಲೆ ಹದ್ದುಗಳು ಎರಗುವುದು. ಏಳು ಇಪ್ಪತ್ತಕ್ಕೆ..." ಸಾಹೇಬರ ದನಿ ಇಳಿಯಿತು. ನಿಲ್ಲಿಸುವುದು ಹೇಗೆಂದು ತಿಳಿಯದೆ ಮುಂದುವರಿಸಿದರು. "ಮರಿಗಳ ಕೂಗು ನಿಲ್ಲುವುದು. ಏಳೂವರೆಗೆ ತಾಯಿಹಕ್ಕಿಗಳು ಮರಳಿ ಬಂದು ಹುಡುಕುವುದು. ಎಂಟಕ್ಕೆ ವಂದನಾರ್ಪಣೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಡಗಿನ ಕಪ್ತಾನ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಸೈರನ್ ಬೇಡ. ನಾವು ದೂರದಲ್ಲೇ ನಿಂತು ನೋಡಿ ಹೋಗುತ್ತೇವೆ" ಎಂದ.

ಸಭೆ ಮುಗಿದದ್ದೇ ಸಾಹೇಬರು ಗುಮಾಸ್ತನ ಮೇಲೆ ಹರಿಹಾಯ್ದರು.

"ನನ್ನ ಮಾನ ಕಳೆದೆಯಲ್ಲೋ! ಈ ನಿಮಿಷಗಳನ್ನೆಲ್ಲ ನಿನಗೆ ಹೇಳಿದವರು ಯಾರು?"

"ಯಾರೂ ಹೇಳಲಿಲ್ಲ ಸಾರ್. ಹೋದ ವರ್ಷ ಮಂತ್ರಿಗಳ ಫೋಟೋಗೆ ಅಂತ ನೀವು ಹೇಳಿದಾಗ, ಲಾಂಚಿನ ಸೈರನ್ ಒತ್ತಿದವನು ನಾನೇ. ಗೂಡುಗಳ ಕಡೆ ನೋಡಲಾಗದೆ, ಅಷ್ಟು ಹೊತ್ತೂ ಕೈಗಡಿಯಾರ ನೋಡುತ್ತ ನಿಂತಿದ್ದೆ."