ದೂರು ಹೊತ್ತ ಕತ್ತೆ

ಇಟ್ಟಿಗೆ ಗೂಡಿನ ಕತ್ತೆ ಅತಿಭಾರ ಹೊರುತ್ತಿದೆಯೆಂದು ಪ್ರಾಣಿದಯಾ ಇಲಾಖೆಯ ಅಧಿಕಾರಿ ನರಿ ಅದನ್ನು ಬಿಡಿಸಿ ತನ್ನ ದೊಡ್ಡಿಗೆ ತಂದಿತು. ಅಂದಿನಿಂದ ಇಲಾಖೆಯ ಹುಲ್ಲು, ನೀರು, ಮೇಜು, ಕುರ್ಚಿ, ಕೊನೆಗೆ ಕುರ್ಚಿಯಲ್ಲಿ ಕೂತ ನರಿಯನ್ನೂ ಕತ್ತೆಯೇ ಹೊರಬೇಕಾಯಿತು. "ಇದು ಹೊರೆಯಲ್ಲ, ಸರ್ಕಾರಿ ಸಾಮಾನು" ಎಂದಿತು ನರಿ.

ಕತ್ತೆ ಮೇಲಧಿಕಾರಿ ಕರಡಿಗೆ ದೂರು ಹೇಳಿ ಕಳಿಸಿತು. ತನಿಖೆಗೆ ಬರಲು ಕರಡಿಗೆ ವಾಹನವಿರಲಿಲ್ಲ. ದೂರು ಕೊಟ್ಟವರೇ ವಾಹನ ಒದಗಿಸುವುದು ಅಲ್ಲಿಯ ಪದ್ಧತಿ. ಕತ್ತೆಯೇ ಹೋಗಿ ಕರಡಿಯನ್ನು ಬೆನ್ನ ಮೇಲೆ ಹೊತ್ತು ದೊಡ್ಡಿಗೆ ತಂದಿತು.

ಕರಡಿ ಕೆಳಗಿಳಿಯದೆ ಕೇಳಿತು: "ಈಗ ಹೇಳಪ್ಪ, ನಿನ್ನ ಮೇಲೆ ಭಾರ ಹೇರುತ್ತಿರುವವರು ಯಾರು? ಸುತ್ತಲೂ ನೋಡಿದೆ, ಯಾರೂ ಕಾಣಲಿಲ್ಲ."

"ಸ್ವಾಮಿ, ತಮ್ಮ ಮೇಲೆ ದೂರು ಕೊಡುವುದಾದರೆ ಯಾರಿಗೆ ಕೊಡಬೇಕು?"

"ಧಾರಾಳವಾಗಿ ಕೊಡು. ಗುಡ್ಡದಾಚೆ ಆನೆಯವರಿದ್ದಾರೆ, ಬಹಳ ನ್ಯಾಯವಂತರು. ಆದರೆ ಅವರಿಗೂ ವಾಹನವಿಲ್ಲ."

ಕತ್ತೆ ಗುಡ್ಡದ ಕಡೆ ಒಮ್ಮೆ ನೋಡಿತು. "ನನ್ನ ದೂರು ಏನೂ ಇಲ್ಲ, ಸ್ವಾಮಿ."

ಕರಡಿ ಕೂತಲ್ಲಿಂದಲೇ ಬಗ್ಗಿ, ಅಷ್ಟರಲ್ಲಿ ಪಕ್ಕಕ್ಕೆ ಬಂದು ನಿಂತ ನರಿಯ ಬೆನ್ನು ತಟ್ಟಿತು. "ನೋಡಿದಿರಾ, ಮೇಲಿನವರು ಖುದ್ದಾಗಿ ಬಂದು ವಿಚಾರಿಸಿದರೆ ದೂರೇ ಉಳಿಯುವುದಿಲ್ಲ" ಎಂದು ಹೇಳಿ, ಕತ್ತೆಯನ್ನು ತನ್ನ ಮನೆಯ ಕಡೆಗೆ ತಿರುಗಿಸಿತು.